ಸಾಫ್ಟ್‌ವೇರ್ ಡೆವಲಪರ್ ಆಗುವುದು ಹೇಗೆ? ಅಮ್ಮನ ಹಾಲಿನ ಲೆಕ್ಕದಿಂದ ಮೊದಲ ಕೆಲಸದ ತನಕ

ನಾನು ಬರೆದ ಪ್ರೋಗ್ರಾಮುಗಳಲ್ಲಿ ಮೊದಲು ಉಪಯೋಗಕ್ಕೆ ಬಂದದ್ದು ಅಮ್ಮನ ಲೆಕ್ಕದಲ್ಲಿ ಐವತ್ತು ಪೈಸೆ ನುಂಗಿತ್ತು.

ಅಮ್ಮ ಊರಿನ ಡೇರಿಗೆ ಎರಡು ಹೊತ್ತೂ ಹಾಲು ಹಾಕುತ್ತಿದ್ದರು. ಎಷ್ಟು ಲೀಟರು, ಫ್ಯಾಟ್ ಎಷ್ಟು, ದರ ಎಷ್ಟು ಅಂತ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿಡುವುದು, ಬಟವಾಡೆಯ ದಿನ ಡೇರಿ ಚೀಟಿಗೂ ತಮ್ಮ ಪುಸ್ತಕಕ್ಕೂ ತಾಳೆ ನೋಡುವುದು ಅವರ ವಾಡಿಕೆ. ಆಗಷ್ಟೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದ ನಾನು ಆ ಪುಸ್ತಕವನ್ನೇ ಕಂಪ್ಯೂಟರಿಗೆ ಹತ್ತಿಸಿದೆ. ಪೈಸೆ ಯಾರಿಗೆ ಬೇಕು ಅಂತ ಪ್ರತಿ ಸಾಲನ್ನೂ ಹತ್ತಿರದ ರೂಪಾಯಿಗೆ ದುಂಡು ಮಾಡಿಬಿಟ್ಟಿದ್ದೆ. ಒಂದು ದಿನ ಬೆಳಿಗ್ಗೆ ಎರಡೂವರೆ ಲೀಟರು, ದರ 33 ರೂಪಾಯಿ, ಅಂದರೆ 82.50. ಸಂಜೆಯೂ ಎರಡೂವರೆ ಲೀಟರು, ಫ್ಯಾಟ್ ಜಾಸ್ತಿ ಬಂದು ದರ 35, ಅಂದರೆ 87.50. ಪ್ರೋಗ್ರಾಮು ಮೊದಲನೆಯದಕ್ಕೆ 82 ಅಂದಿತು, ಎರಡನೆಯದಕ್ಕೆ 88.

"ಒಟ್ಟು 170 ಸರಿಯಾಗೇ ಇದೆಯಲ್ಲಮ್ಮ" ಅಂದೆ.

"ಒಟ್ಟು ಬಿಡೋ. ಎರಡೂ ಐವತ್ತು ಪೈಸೇನೇ ತಾನೆ? ಒಂದು ಕೆಳಗಿಳೀತು, ಇನ್ನೊಂದು ಮೇಲಕ್ಕೆ ಹೋಯ್ತು. ಯಾಕೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ರಾತ್ರಿ ತಡಕಾಡಿದ ಮೇಲೆ ಸಿಕ್ಕಿತು. ಪೈಥಾನ್ 3ರಲ್ಲಿ ದುಂಡು ಮಾಡಲೆಂದೇ ರೌಂಡ್ ಎಂಬ ಫಂಕ್ಷನ್, ಅಂದರೆ ಸಿದ್ಧ ಆಜ್ಞೆ, ಇದೆ. ಸರಿಯಾಗಿ ಅರ್ಧ ಬಂದಾಗ ಅದು ಮೇಲಕ್ಕೆ ಹೋಗುವುದಿಲ್ಲ, ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 82 ಸಮ, 88 ಸಮ. ಸಾವಿರಾರು ಸಾಲು ಕೂಡುವಾಗ ವ್ಯತ್ಯಾಸ ಒಂದೇ ಕಡೆಗೆ ವಾಲದಿರಲಿ ಅಂತ ಬೇಕೆಂದೇ ಮಾಡಿದ ಏರ್ಪಾಡು ಅದು. ಭಾಷೆಯದೇನೂ ತಪ್ಪಿಲ್ಲ, ಓದದೆ ಬಳಸಿದ ನನ್ನದು ತಪ್ಪು. ಸಂಜೆಯ ಹಾಲನ್ನು ಹಬ್ಬಕ್ಕೆಂದು ಮನೆಯಲ್ಲೇ ಇಟ್ಟುಕೊಂಡ ದಿನ ಅಮ್ಮನ ಪುಸ್ತಕಕ್ಕೆ ಐವತ್ತು ಪೈಸೆ ಖೋತಾ.

ಪಿಯುಸಿ ಮುಗಿಸಿದವರು, ಬಿಸಿಎ ಓದುತ್ತಿರುವವರು, ಬೇರೆ ಕೆಲಸ ಬಿಟ್ಟು ಬರಬೇಕೆಂದಿರುವವರು "ಎಲ್ಲಿಂದ ಶುರು ಮಾಡಲಿ ಸಾರ್" ಅಂತ ಕೇಳಿದಾಗ ನಾನು ಹೇಳುವುದು ಒಂದೇ ಮಾತು. ಹತ್ತು ಕೋರ್ಸು ಅರ್ಧರ್ಧ ಮಾಡಬೇಡಿ. ನಿಮ್ಮ ಮನೆಯದೋ ಬೀದಿಯದೋ ಒಂದು ಸಣ್ಣ ಲೆಕ್ಕ ಹಿಡಿದು ಕೊನೆ ಮುಟ್ಟಿಸಿ. ಕಲಿಯಬೇಕಾದ್ದೆಲ್ಲ ಅದರ ಹಿಂದೆಯೇ ಬರುತ್ತದೆ. ಕೆಳಗಿನ ಹೆಜ್ಜೆಗಳನ್ನೆಲ್ಲ ಈ ಹಾಲಿನ ಲೆಕ್ಕದ ಮೇಲೇ ಹೇಳುತ್ತೇನೆ. ನಿಮ್ಮದು ಚೀಟಿ ವ್ಯವಹಾರ ಇರಬಹುದು, ಅಂಗಡಿಯ ಸಾಲದ ಪುಸ್ತಕ ಇರಬಹುದು, ಹಾಸ್ಟೆಲಿನ ಮೆಸ್ ಬಿಲ್ಲೂ ಇರಬಹುದು.

ಮೊದಲು, ಈ ಕೆಲಸದಲ್ಲಿ ನಿಜಕ್ಕೂ ಏನಿರುತ್ತದೆ

ಡೆವಲಪರ್ ಅಂದರೆ ದಿನವಿಡೀ ಕೀಬೋರ್ಡು ಕುಟ್ಟುವವನು ಎಂಬ ಕಲ್ಪನೆ ಇದ್ದರೆ ಬಿಟ್ಟುಬಿಡಿ. ಓದುವುದೇ ಹೆಚ್ಚು, ಬರೆಯುವುದು ಕಡಿಮೆ. ಒಂದು ಸಾಮಾನ್ಯ ದಿನ ನೋಡೋಣ. ಬೆಳಿಗ್ಗೆ ಹತ್ತಕ್ಕೆ ಸ್ಟ್ಯಾಂಡಪ್ ಎಂಬ ಪುಟ್ಟ ಸಭೆ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಎಲ್ಲಿ ಸಿಕ್ಕಿಕೊಂಡಿದ್ದೇನೆ ಅಂತ ಪ್ರತಿಯೊಬ್ಬರೂ ಒಂದು ನಿಮಿಷ ಹೇಳಬೇಕು. ಆಮೇಲೆ ನಿಮ್ಮ ಹೆಸರಿಗೆ ಬಿದ್ದ ಟಿಕೆಟ್, ಅಂದರೆ ಮಾಡಬೇಕಾದ ಕೆಲಸದ ಚೀಟಿ, ತೆಗೆಯುತ್ತೀರಿ. ಅದರಲ್ಲಿ ಹೀಗಿದೆ ಅಂದುಕೊಳ್ಳಿ: "ಬಸ್ ಟಿಕೆಟ್ ರದ್ದು ಮಾಡಿದರೂ ಆ ಸೀಟು ಬೇರೆಯವರಿಗೆ ಖಾಲಿ ಅಂತ ತೋರಿಸುತ್ತಿಲ್ಲ."

ಮೊದಲ ಕೆಲಸ ಆ ತೊಂದರೆ ನಿಮ್ಮ ಯಂತ್ರದಲ್ಲೂ ಬರುವಂತೆ ಮಾಡುವುದು. ಬರದಿದ್ದರೆ ಟೆಸ್ಟರ್ ಹತ್ತಿರ ಹೋಗಿ ಯಾವ ಬಸ್ಸು, ಯಾವ ಸೀಟು, ರದ್ದು ಮಾಡಿದ್ದು ಎಷ್ಟು ಹೊತ್ತಿಗೆ ಅಂತ ಕೇಳುತ್ತೀರಿ. ಪ್ರೋಗ್ರಾಮು ತಾನು ಮಾಡಿದ್ದನ್ನು ಬರೆದಿಟ್ಟುಕೊಂಡ ಲಾಗ್ ಓದುತ್ತೀರಿ. ಎರಡು ವರ್ಷದ ಹಿಂದೆ ಕಂಪನಿ ಬಿಟ್ಟ ಯಾರೋ ಬರೆದ ಕೋಡನ್ನು ಮಧ್ಯಾಹ್ನದವರೆಗೂ ಓದುತ್ತೀರಿ. ಕಡೆಗೆ ರದ್ದಾದ ಸೀಟನ್ನು ಡೇಟಾಬೇಸಿನಲ್ಲಿ ಬಿಡಿಸಿದ್ದಾರೆ, ಆದರೆ ಬೇಗ ತೋರಿಸಲೆಂದು ಇಟ್ಟುಕೊಂಡ ಹಳೇ ಪ್ರತಿಯನ್ನು ಅಳಿಸಿಲ್ಲ ಅಂತ ಗೊತ್ತಾಗುತ್ತದೆ. ಬದಲಿಸಬೇಕಾದ್ದು ಮೂರು ಸಾಲು. ಅದು ಸರಿಯಾಗಿದೆಯೇ ಅಂತ ತಾನಾಗಿ ಪರೀಕ್ಷಿಸುವ ಒಂದು ಟೆಸ್ಟ್ ಬರೆದು, ಬೇರೆಯವರು ಓದಿ ನೋಡಲೆಂದು ರಿವ್ಯೂಗೆ ಕಳಿಸುತ್ತೀರಿ. ಜತೆಗಾರ ಎರಡು ಪ್ರಶ್ನೆ ಹಾಕುತ್ತಾನೆ, ತಿದ್ದುತ್ತೀರಿ, ಅದು ಮುಂದಿನ ಡಿಪ್ಲಾಯ್‌ಮೆಂಟಿಗೆ, ಅಂದರೆ ಬಳಕೆದಾರರಿಗೆ ಹೋಗುವ ಮುಂದಿನ ಕಂತಿಗೆ, ಸೇರುತ್ತದೆ. ಮೂರು ಸಾಲಿಗೆ ಒಂದು ದಿನ. ಇದಕ್ಕೆ ಬೇಸರಪಡುವ ಸ್ವಭಾವ ಇದ್ದರೆ ಈ ವೃತ್ತಿ ಕಷ್ಟ. ಗಂಟು ಬಿಡಿಸುವುದರಲ್ಲಿ ಖುಷಿ ಸಿಗುವವರಿಗೆ ಸಂಬಳ ಬರದಿದ್ದರೂ ಮಾಡೋಣ ಅನ್ನಿಸುವಂಥ ಕೆಲಸ. (ಸಂಬಳ ಬರಲಿ, ಬೇಡವೆನ್ನುವುದಿಲ್ಲ.)

ಒಳಗೆ ಬೇರೆ ಬೇರೆ ಕವಲುಗಳಿವೆ. ಕಣ್ಣಿಗೆ ಕಾಣುವ ಪುಟ, ಬಟನ್ನುಗಳನ್ನು ಮಾಡುವವರು ಫ್ರಂಟ್‌ಎಂಡ್. ಹಿಂದಿರುವ ಸರ್ವರು, ಡೇಟಾಬೇಸು ನೋಡಿಕೊಳ್ಳುವವರು ಬ್ಯಾಕ್‌ಎಂಡ್. ಎರಡನ್ನೂ ಮಾಡಿದರೆ ಫುಲ್‌ಸ್ಟ್ಯಾಕ್. ಮೊಬೈಲ್ ಆಪ್ ಮಾಡುವವರು, ಕಾರು, ವಾಷಿಂಗ್ ಮೆಷಿನ್ನಿನ ಒಳಗಿನ ಚಿಪ್ಪಿಗೆ ಬರೆಯುವ ಎಂಬೆಡೆಡ್ ಮಂದಿ ಬೇರೆ. ಈಗಲೇ ಯಾವುದೆಂದು ತಲೆ ಕೆಡಿಸಿಕೊಳ್ಳಬೇಡಿ. ಮೊದಲ ಆರು ತಿಂಗಳ ಕಲಿಕೆ ಎಲ್ಲರಿಗೂ ಬಹುಪಾಲು ಒಂದೇ.

ಡಿಗ್ರಿ, ಇಂಗ್ಲಿಷು, ಲ್ಯಾಪ್‌ಟಾಪು

ಡಿಗ್ರಿ ಇಲ್ಲದೆಯೂ ಡೆವಲಪರ್ ಆದವರಿದ್ದಾರೆ, ನಿಜ. ಆದರೆ ನಮ್ಮಲ್ಲಿ ಮೊದಲ ಕೆಲಸದ ಬಾಗಿಲು ತೆಗೆಸುವುದು ಇವತ್ತಿಗೂ ಹೆಚ್ಚಾಗಿ ಡಿಗ್ರಿಯೇ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಇಂಜಿನಿಯರಿಂಗೇ ಆಗಬೇಕೆಂದಿಲ್ಲ. ಬಿಸಿಎ, ಬಿಎಸ್ಸಿ ಮಾಡಿ ಪಿಜಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಸಿಎಗೆ ಹೋಗಬಹುದು. ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಇಂಜಿನಿಯರಿಂಗ್ ಸೇರಬಹುದು. ಮನೆಯ ಖರ್ಚಿಗೆ ಇದು ಹಗುರವಾದ ದಾರಿ, ಯಾಕೋ ಜನ ಮರೆಯುತ್ತಾರೆ. ದುಡಿಯುತ್ತಾ ಓದಬೇಕಾದವರಿಗೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಬಿಸಿಎ, ಎಂಸಿಎ ಇವೆ. ಒಂದು ಎಚ್ಚರಿಕೆ: ಕ್ಯಾಂಪಸ್ಸಿಗೆ ಬರುವ ಎಷ್ಟೋ ಕಂಪನಿಗಳು ಹತ್ತನೇ ತರಗತಿಯಿಂದ ಡಿಗ್ರಿವರೆಗೂ 60 ಪರ್ಸೆಂಟ್ ಇರಬೇಕು, ಬ್ಯಾಕ್‌ಲಾಗ್ ಉಳಿದಿರಬಾರದು ಅನ್ನುತ್ತವೆ. ಕೋಡಿಂಗ್ ಚೆನ್ನಾಗಿ ಬರುತ್ತದೆ ಅಂತ ಸೆಮಿಸ್ಟರ್ ಪರೀಕ್ಷೆ ಕೈಬಿಟ್ಟವರು ಆ ಜಾಲರಿಯಲ್ಲೇ ಸೋಸಿಹೋಗುತ್ತಾರೆ.

ಗಣಿತದ ಭಯ ಬೇಡ. ವೆಬ್ಬು, ಆಪ್ ಕೆಲಸಕ್ಕೆ ಪಿಯುಸಿ ಗಣಿತಕ್ಕಿಂತ ಅಂಗಡಿ ಲೆಕ್ಕದ ಚುರುಕು ಮುಖ್ಯ. ಗೇಮು, ಮಷೀನ್ ಲರ್ನಿಂಗು ಕಡೆ ಹೋದರೆ ಮಾತ್ರ ಗಣಿತ ನಿಜವಾಗಿ ಬೇಕು.

ಇಂಗ್ಲಿಷಿನದು ಬೇರೆ ಕತೆ. ನಾನು ಹತ್ತನೇ ತರಗತಿವರೆಗೂ ಕನ್ನಡ ಮೀಡಿಯಂ. ಇಲ್ಲಿ ಎರಡು ಇಂಗ್ಲಿಷು ಬೇಕಾಗುತ್ತದೆ, ಎರಡನ್ನೂ ಬೆರೆಸಿಕೊಂಡು ಹೆದರಬೇಡಿ. ಒಂದು, ಓದುವ ಇಂಗ್ಲಿಷು. ಕೈಪಿಡಿ, ಎರರ್ ಮೆಸೇಜು, ಬೇರೆಯವರ ಉತ್ತರ, ಎಲ್ಲ ಇರುವುದು ಅದರಲ್ಲೇ. ಇದು ಮೊದಲ ದಿನದಿಂದ ಬೇಕು, ಆದರೆ ಇದರ ಪದಗಳು ಕೆಲವೇ ನೂರು, ಮತ್ತೆ ಮತ್ತೆ ಅವೇ ಬರುತ್ತವೆ. ಇನ್ನೊಂದು, ಮಾತಾಡುವ ಇಂಗ್ಲಿಷು. ಅದು ಬೇಕಾಗುವುದು ಇಂಟರ್‌ವ್ಯೂ ಹೊತ್ತಿಗೆ. ಅಷ್ಟರಲ್ಲಿ ದಿನಕ್ಕೆ ಹತ್ತು ನಿಮಿಷ, ಅವತ್ತು ಬರೆದ ಪ್ರೋಗ್ರಾಮನ್ನು ಗೋಡೆಗೆ ಇಂಗ್ಲಿಷಿನಲ್ಲಿ ವಿವರಿಸಿ. ನನ್ನ ರೂಂಮೇಟ್ ನಕ್ಕ. ನಗಲಿ ಬಿಡಿ.

ಯಂತ್ರದ ವಿಚಾರಕ್ಕೆ ಬಂದರೆ, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು ಧಾರಾಳ ಸಾಕು. ವಿಂಡೋಸ್ ತೆವಳಿದರೆ ಅದರ ಬದಲು ಪುಕ್ಕಟೆ ಸಿಗುವ ಉಬುಂಟು ಹಾಕಿ, ಹಳೇ ಯಂತ್ರಕ್ಕೂ ಜೀವ ಬರುತ್ತದೆ. ಲ್ಯಾಪ್‌ಟಾಪೇ ಇಲ್ಲದವರು ಮೊಬೈಲಿನ ಬ್ರೌಸರಿನಲ್ಲಿ ಗೂಗಲ್ ಕೊಲ್ಯಾಬ್ ತೆಗೆದು ಪೈಥಾನ್ ಶುರು ಮಾಡಬಹುದು. ಕಣ್ಣಿಗೆ ಕಷ್ಟ, ಆದರೆ ಶುರುವಾಗುತ್ತದೆ.

ಹೆಜ್ಜೆ 1: ಒಂದು ಭಾಷೆ, ಮೂರು ತಿಂಗಳು

ಪೈಥಾನ್ ಹಿಡಿಯಿರಿ. ಗೀಡೋ ವಾನ್ ರಾಸಮ್ 1991ರಲ್ಲಿ ಹೊರತಂದ ಭಾಷೆ ಇದು. ಚಿಹ್ನೆಗಳ ಕಾಟ ಕಡಿಮೆ, ಕಣ್ಣಿಗೆ ಸರಾಗ. ಕಾಲೇಜಿನಲ್ಲಿ ಜಾವಾ ಎಂಬ ಇನ್ನೊಂದು ಭಾಷೆ ಕಲಿಸುತ್ತಿದ್ದರೆ ಜಾವಾನೇ ಇರಲಿ. ಯಾವುದು ಒಳ್ಳೆಯದು ಅಂತ ಯೂಟ್ಯೂಬಿನಲ್ಲಿ ವಾರಗಟ್ಟಲೆ ವಾದ ನೋಡುವ ಹೊತ್ತಿಗೆ ಯಾವುದಾದರೂ ಒಂದು ಬಂದಿರುತ್ತದೆ. ಹಾರ್ವರ್ಡಿನ ಸಿಎಸ್50, ಫ್ರೀಕೋಡ್‌ಕ್ಯಾಂಪ್, ಎನ್‌ಪಿಟಿಇಎಲ್ ಪಾಠಗಳು ಪುಕ್ಕಟೆ ಸಿಗುತ್ತವೆ. ಎನ್‌ಪಿಟಿಇಎಲ್‌ನಲ್ಲಿ ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಪರೀಕ್ಷೆಗೆ ಫೀ. ಒಂದನ್ನು ಆರಿಸಿ, ಅದನ್ನು ಮುಗಿಸಿ.

ಮೊದಲು ಕಲಿಯಬೇಕಾದ್ದು ಇಷ್ಟೇ: ಮೌಲ್ಯಕ್ಕೆ ಹೆಸರಿಟ್ಟುಕೊಳ್ಳುವುದು, ಹೀಗಾದರೆ ಹಾಗೆ ಮಾಡು ಎನ್ನುವ ಇಫ್, ಮತ್ತೆ ಮತ್ತೆ ಮಾಡಿಸುವ ಲೂಪ್, ಪಟ್ಟಿ ಮತ್ತು ಹೆಸರು ಹೇಳಿದರೆ ಅದರ ಮೌಲ್ಯ ತೆಗೆದುಕೊಡುವ ಡಿಕ್ಷನರಿ, ಕೆಲಸವನ್ನು ತುಂಡು ಮಾಡುವ ಫಂಕ್ಷನ್. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಲೀಟರ್, ದರ, ಮೊತ್ತ ಅಂತ ಕನ್ನಡ ಲಿಪಿಯಲ್ಲಿ ಟೈಪ್ ಮಾಡಿದರೂ ಓಡುತ್ತದೆ. ಕೆಲಸದಲ್ಲಿ ಯಾರೂ ಹೀಗೆ ಮಾಡುವುದಿಲ್ಲ. ಆದರೆ ಮೊದಲ ವಾರ ಯಾವುದು ಭಾಷೆಯ ಪದ, ಯಾವುದು ನಾವಿಟ್ಟ ಹೆಸರು ಎಂಬ ಗೊಂದಲ ಇದರಿಂದ ಪೂರ್ತಿ ಹೋಗುತ್ತದೆ. ಒಮ್ಮೆ ಮಾಡಿ ನೋಡಿ.

ಈಗ ಹಾಲಿನ ಲೆಕ್ಕದ ಮೊದಲ ರೂಪ. ಲೀಟರು ಕೇಳು, ದರ ಕೇಳು, ಗುಣಿಸು, ತೋರಿಸು. ನಾಲ್ಕೇ ಸಾಲು. ನಾನು ಲೀಟರನ್ನು ಕೀಬೋರ್ಡಿನಿಂದ ಕೇಳಿ, ದರವನ್ನು 33 ಅಂತ ಪ್ರೋಗ್ರಾಮಿನೊಳಗೇ ಬರೆದೆ. 4 ಅಂತ ಒತ್ತಿದೆ. 132 ಬರಬೇಕಿತ್ತು. ಪರದೆಯ ಮೇಲೆ ಒಂದರ ಪಕ್ಕ ಒಂದು ಮೂವತ್ತಮೂರು ನಾಲ್ಕುಗಳು ಸಾಲಾಗಿ ನಿಂತವು! ಇನ್‌ಪುಟ್ ಎಂಬುದು ಏನು ಒತ್ತಿದರೂ ಅಕ್ಷರ ಅಂತಲೇ ತಂದುಕೊಡುತ್ತದೆ, ಅಂಕಿ ಅಂತ ಅಲ್ಲ. ಅಕ್ಷರವನ್ನು 33ರಿಂದ ಗುಣಿಸಿದರೆ ಪೈಥಾನ್ ಅದನ್ನು 33 ಸಲ ಬರೆಯುತ್ತದೆ. ಸರಿ, ಇಂಟ್ ಹಾಕಿ ಅಂಕಿ ಮಾಡಿದೆ. ಮಾರನೇ ದಿನ ಅಮ್ಮ 4.5 ಅಂದರು, ಪ್ರೋಗ್ರಾಮು ವ್ಯಾಲ್ಯೂಎರರ್ ಕೊಟ್ಟು ಮಲಗಿತು. ಇಂಟ್‌ಗೆ ಪೂರ್ಣಾಂಕ ಮಾತ್ರ ಗೊತ್ತು. ದಶಾಂಶವೂ ಗೊತ್ತಿರುವ ಫ್ಲೋಟ್ ಹಾಕಿದ ಮೇಲೆ ನಡೆಯಿತು.

ಎರರ್ ಬಂದಾಗ ಹೊಸಬರು ಮಾಡುವುದು ಎರಡೇ: ಕಿಟಕಿ ಮುಚ್ಚುವುದು, ಇಲ್ಲವೇ ಇದ್ದದ್ದನ್ನೆಲ್ಲ ಅಳಿಸಿ ಮೊದಲಿಂದ ಬರೆಯುವುದು. ಬೇಡ. ಪೈಥಾನ್ ಎರರನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೊನೆಯ ಸಾಲಿನಲ್ಲಿ ಏನಾಯಿತು ಅಂತ ಇರುತ್ತದೆ, ಅದರ ಮೇಲೆ ಯಾವ ಫೈಲು, ಎಷ್ಟನೇ ಸಾಲು ಅಂತ. ನೇಮ್‌ಎರರ್ ಅಂದರೆ ಹೆಸರಿನ ಕಾಗುಣಿತ ತಪ್ಪಿದೆ ಅಥವಾ ಹೆಸರು ಇಡುವ ಮೊದಲೇ ಕರೆದಿದ್ದೀರಿ. ಇಂಡೆಂಟೇಷನ್‌ಎರರ್ ಅಂದರೆ ಸಾಲಿನ ಮುಂದೆ ಬಿಟ್ಟ ಜಾಗ ಹೆಚ್ಚುಕಮ್ಮಿಯಾಗಿದೆ. ಒಂದು ಪುಸ್ತಕ ಇಟ್ಟುಕೊಂಡು ಬಂದ ಎರರ್, ಅದರ ಕಾರಣ, ಸರಿಮಾಡಿದ ರೀತಿ ಕನ್ನಡದಲ್ಲೇ ಬರೆದಿಡಿ. ನಲವತ್ತು ಎರರ್ ಆದ ಮೇಲೆ ಹೊಸದು ಬರುವುದು ಅಪರೂಪ. ನನ್ನ ಪುಸ್ತಕ ಈಗಲೂ ಇದೆ, ರಟ್ಟು ಹರಿದಿದೆ.

ಹೆಜ್ಜೆ 2: ಲೆಕ್ಕ ಉಳಿಯಬೇಕು

ಪ್ರೋಗ್ರಾಮು ಮುಚ್ಚಿದರೆ ಎಲ್ಲ ಮರೆತುಹೋಗುತ್ತದೆ. ಹಾಗಾಗಿ ಬರೆದಿಡಬೇಕು. ಮೊದಲು ಸಾದಾ ಫೈಲಿಗೆ, ಆಮೇಲೆ ಎಕ್ಸೆಲ್ಲಿನಲ್ಲೂ ತೆರೆಯುವ ಸಿಎಸ್‌ವಿಗೆ, ಕೊನೆಗೆ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿಗೆ. ಎಸ್‌ಕ್ಯೂಲೈಟ್‌ಗೆ ಬೇರೆ ಸರ್ವರು ಬೇಡ, ಒಂದೇ ಫೈಲಿನಲ್ಲಿ ಇರುತ್ತದೆ, ಪೈಥಾನಿನ ಜತೆಗೇ ಬರುತ್ತದೆ.

ಡೇಟಾಬೇಸು ಅಂದಾಕ್ಷಣ ಏನೋ ದೊಡ್ಡದು ಅಂದುಕೊಳ್ಳುವವರಿಗೆ ಅಮ್ಮನ ನೋಟ್‌ಬುಕ್ಕು ತೋರಿಸಬೇಕು. ಗೆರೆ ಎಳೆದ ಕಾಲಂಗಳೇ ಟೇಬಲ್ಲು. ಆದರೆ ಕಾಗದದಲ್ಲಿ ಕಣ್ಣು ಸರಿಪಡಿಸಿಕೊಳ್ಳುವ ವಿಷಯ ಇಲ್ಲಿ ತಾನಾಗಿ ಸರಿಹೋಗುವುದಿಲ್ಲ. ನಾನು ಒಂದು ತಾರೀಖಿಗೆ ಒಂದೇ ಸಾಲು ಅಂತ ಮಾಡಿದ್ದೆ. ಸಂಜೆಯ ಹಾಲು ಹಾಕಿದ ಕೂಡಲೇ ಬೆಳಗಿನದು ಅಳಿಸಿಹೋಯಿತು. ಹೊತ್ತು ಎಂಬ ಕಾಲಂ ಬೇಕೆಂದು ಆಗ ಹೊಳೆಯಿತು. ತಾರೀಖನ್ನು 3/4 ಅಂತ ಬರೆದಿದ್ದೆ. ಅದು ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ? 2025-04-03 ಹೀಗೆ ವರ್ಷ, ತಿಂಗಳು, ದಿನ ಬರೆದರೆ ಗೊಂದಲವೂ ಇಲ್ಲ, ಅಕ್ಷರ ಕ್ರಮದಲ್ಲಿ ಜೋಡಿಸಿದರೂ ದಿನದ ಕ್ರಮವೇ ಬರುತ್ತದೆ.

ದುಡ್ಡಿನ ವಿಷಯ ಇನ್ನೂ ಸೂಕ್ಷ್ಮ. ಪೈಥಾನಿನಲ್ಲಿ 0.1ಕ್ಕೆ 0.2 ಕೂಡಿ ನೋಡಿ, 0.30000000000000004 ಅನ್ನುತ್ತದೆ. ಕಂಪ್ಯೂಟರು ಒಳಗೆ ಎರಡರ ಲೆಕ್ಕದಲ್ಲಿ ಬರೆದುಕೊಳ್ಳುವುದರಿಂದ ಹತ್ತನೇ ಒಂದು ಭಾಗ ಅದಕ್ಕೆ ಕರಾರುವಾಕ್ಕಾಗಿ ಸಿಗುವುದಿಲ್ಲ, ನಮಗೆ ಮೂರನೇ ಒಂದು ಭಾಗ 0.333 ಅಂತ ಮುಗಿಯದೆ ಹೋಗುವ ಹಾಗೆ. ಅದಕ್ಕೇ ರೂಪಾಯಿಯನ್ನು ಪೈಸೆ ಮಾಡಿ, ಲೀಟರನ್ನು ಮಿಲಿಲೀಟರ್ ಮಾಡಿ ಪೂರ್ಣಾಂಕದಲ್ಲೇ ಲೆಕ್ಕ ಇಡಿ. 2500 ಮಿಲಿಲೀಟರು, ಲೀಟರಿಗೆ 3300 ಪೈಸೆ. ಗುಣಿಸಿ ಸಾವಿರದಿಂದ ಭಾಗಿಸಿದರೆ 8250 ಪೈಸೆ. ದುಂಡು ಮಾಡುವುದಿದ್ದರೆ ಕೊನೆಯಲ್ಲಿ ಒಂದೇ ಸಲ, ಯಾವ ಕಡೆಗೆ ಅಂತ ನೀವೇ ತೀರ್ಮಾನಿಸಿ. ಈ ಹೆಜ್ಜೆಯಲ್ಲಿ ಡೇಟಾಬೇಸನ್ನು ಪ್ರಶ್ನೆ ಕೇಳಲು ಬಳಸುವ ಎಸ್‌ಕ್ಯೂಎಲ್ ಭಾಷೆಯ ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್, ಗ್ರೂಪ್ ಬೈ, ಜಾಯಿನ್ ಇಷ್ಟು ಕೈಗೆ ಬಂದರೆ ಇಂಟರ್‌ವ್ಯೂದ ಒಂದು ದೊಡ್ಡ ಭಾಗ ಮುಗಿದ ಹಾಗೆ.

ಹೆಜ್ಜೆ 3: ಗಿಟ್

ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕೆಲಸಕ್ಕೆಂದು 2005ರಲ್ಲಿ ಬರೆದ ಸಾಧನ ಗಿಟ್. ಕೋಡಿನ ಪ್ರತಿ ಬದಲಾವಣೆಯನ್ನೂ ಯಾರು, ಯಾವಾಗ, ಯಾಕೆ ಮಾಡಿದರು ಅಂತ ನೆನಪಿಡುತ್ತದೆ. ಆಡ್, ಕಮಿಟ್, ಪುಶ್, ಪುಲ್, ಬ್ರಾಂಚ್: ಐದು ಆಜ್ಞೆ ಸಾಕು, ಒಂದು ಭಾನುವಾರದ ಕೆಲಸ. ಹಾಲಿನ ಲೆಕ್ಕವನ್ನು ಕೋಡು ಇಡುವ ತಾಣವಾದ ಗಿಟ್‌ಹಬ್‌ಗೆ ಹಾಕಿ. ಪ್ರತಿ ಬದಲಾವಣೆಯನ್ನು ದಾಖಲಿಸುವಾಗ ಬರೆಯುವ ಕಮಿಟ್ ಸಂದೇಶದಲ್ಲಿ "ಬದಲಾವಣೆ" ಅಂತ ಬರೆಯಬೇಡಿ, "ಸಂಜೆ ಹಾಲು ಬೆಳಗಿನದನ್ನು ಅಳಿಸುತ್ತಿದ್ದದ್ದು ಸರಿ ಮಾಡಿದೆ" ಅಂತ ಬರೆಯಿರಿ. ಪಾಸ್‌ವರ್ಡ್ ಇರುವ ಫೈಲನ್ನು ಮಾತ್ರ ಅಪ್ಪಿತಪ್ಪಿಯೂ ಹಾಕಬೇಡಿ. ಆಮೇಲೆ ಅಳಿಸಿದರೂ ಹಳೇ ಕಮಿಟ್‌ಗಳಲ್ಲಿ ಉಳಿದಿರುತ್ತದೆ. ಹಾಗಾದಾಗ ಪಾಸ್‌ವರ್ಡನ್ನೇ ಬದಲಿಸಬೇಕು.

ಹೆಜ್ಜೆ 4: ಬೇರೆಯವರ ಕೈಗೆ ಕೊಡಿ

ಅಮ್ಮ ಕಪ್ಪು ಪರದೆ ತೆಗೆದು ಟೈಪ್ ಮಾಡುತ್ತಾರೆಯೇ? ಅವರ ಕೈಯಲ್ಲಿರುವುದು ಮೊಬೈಲು. ವೆಬ್ ಕಲಿಯುವ ಹೊತ್ತು ಇದು. ಪುಟದ ಅಸ್ಥಿಪಂಜರ ಎಚ್‌ಟಿಎಂಎಲ್, ಅಂದಚಂದ ಸಿಎಸ್‌ಎಸ್, ಬಟನ್ ಒತ್ತಿದಾಗ ಏನಾಗಬೇಕೆಂದು ಹೇಳುವುದು ಜಾವಾಸ್ಕ್ರಿಪ್ಟ್. ಮೂರಕ್ಕೂ ಮೊಜಿಲ್ಲಾದ ಎಂಡಿಎನ್‌ಗಿಂತ ಒಳ್ಳೆಯ ಕೈಪಿಡಿ ನನಗೆ ಗೊತ್ತಿಲ್ಲ. ಹಿಂದುಗಡೆಯ ಸರ್ವರಿಗೆ ಪೈಥಾನಿನಲ್ಲಿ ವೆಬ್ ಆಪ್ ಕಟ್ಟಲು ನೆರವಾಗುವ ಫ್ಲಾಸ್ಕ್ ಸಾಕು. ರಿಯಾಕ್ಟ್, ಆಂಗ್ಯುಲರ್ ಎಂಬ ಜಾವಾಸ್ಕ್ರಿಪ್ಟ್ ಸಲಕರಣೆಗಳ ಹೆಸರು ಕೇಳಿ ಅವುಗಳ ಹಿಂದೆ ಓಡಬೇಡಿ, ಬರಿಯ ಜಾವಾಸ್ಕ್ರಿಪ್ಟ್ ಕೂರುವವರೆಗೆ ಅವು ತಲೆನೋವೇ.

ಇಲ್ಲೇ ನನಗೆ ದುಂಡು ಮಾಡುವ ಭೂತ ಮತ್ತೆ ಕಾಣಿಸಿಕೊಂಡದ್ದು. ಹಳೇ ಕೋಡಿನ ಒಂದು ಮೂಲೆಯಲ್ಲಿ ಪೈಥಾನಿನ ರೌಂಡ್ ಉಳಿದುಕೊಂಡಿತ್ತು, ಅದು ಡೇಟಾಬೇಸಿಗೆ 82 ಬರೆಯಿತು. ಪುಟದಲ್ಲಿ ಜಾವಾಸ್ಕ್ರಿಪ್ಟಿನ ರೌಂಡ್ 83 ತೋರಿಸಿತು, ಯಾಕೆಂದರೆ ಅದು ಅರ್ಧವನ್ನು ಮೇಲಕ್ಕೇ ಒಯ್ಯುತ್ತದೆ. ಹೆಸರು ಒಂದೇ, ನಡತೆ ಬೇರೆ. ಲೆಕ್ಕ ಒಂದೇ ಕಡೆ ಆಗಬೇಕು, ಪುಟ ಬರೀ ತೋರಿಸಬೇಕು ಎಂಬ ಪಾಠ ಯಾವ ಕೋರ್ಸಿನಲ್ಲೂ ನನಗೆ ಅಷ್ಟು ಗಟ್ಟಿಯಾಗಿ ಕೂರಲಿಲ್ಲ.

ಕನ್ನಡದಲ್ಲಿ ಪುಟ ಮಾಡುವವರಿಗೆ ಇನ್ನೊಂದಿಷ್ಟು ಮೋಜು ಕಾದಿದೆ. "ಕನ್ನಡ" ಎಂಬ ಪದಕ್ಕೆ ಎಷ್ಟು ಅಕ್ಷರ? ನಮ್ಮ ಕಣ್ಣಿಗೆ ಮೂರು. ಪೈಥಾನ್ ಐದು ಅನ್ನುತ್ತದೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ "ನ್ನ" ಅಂದರೆ ನ, ಹಲಂತ, ನ ಅಂತ ಮೂರು ತುಂಡು. ಹೆಸರನ್ನು ಹತ್ತು ಅಕ್ಷರಕ್ಕೆ ಕತ್ತರಿಸು ಅಂತ ಬರೆದರೆ ಯಾರದೋ ಒತ್ತಕ್ಷರ ಅರ್ಧಕ್ಕೆ ತುಂಡಾಗುತ್ತದೆ. ಕನ್ನಡ ಅಂಕಿಯಲ್ಲಿ ೧೨ ಅಂತ ಒತ್ತಿದರೆ ಪೈಥಾನಿನ ಇಂಟ್ ಅದನ್ನು 12 ಅಂತ ಅರ್ಥಮಾಡಿಕೊಳ್ಳುತ್ತದೆ, ಜಾವಾಸ್ಕ್ರಿಪ್ಟ್ ಇದು ಸಂಖ್ಯೆಯೇ ಅಲ್ಲ ಅನ್ನುತ್ತದೆ. ಹೆಸರಾಂತ ಆಪ್‌ಗಳಲ್ಲೂ ಕನ್ನಡ ಮುರಿದು ಕಾಣುವುದಕ್ಕೆ ಮೂಲ ಇಂಥವೇ ಸಣ್ಣ ಅಲಕ್ಷ್ಯ. ಕನ್ನಡದ ಕೀಲಿಮಣೆ ವಿನ್ಯಾಸ ರೂಪಿಸಿದ ಕೆ.ಪಿ. ರಾವ್ ಅವರಂಥವರು ಕನ್ನಡವನ್ನು ಕಂಪ್ಯೂಟರಿಗೆ ತಂದರು. ಅವರ ಮುಂದೆ ನಮ್ಮ ಕೆಲಸ ಏನೂ ಅಲ್ಲ, ಪರೀಕ್ಷಿಸಿ ನೋಡುವುದಷ್ಟೆ.

ಪುಟ ಸಿದ್ಧವಾದ ಮೇಲೆ ಪುಕ್ಕಟೆ ಜಾಗ ಕೊಡುವ ಯಾವುದಾದರೂ ಹೋಸ್ಟಿಂಗಿಗೆ ಹಾಕಿ ಕೊಂಡಿಯನ್ನು ವಾಟ್ಸಾಪಿನಲ್ಲಿ ಕಳಿಸಿ. ಆಮೇಲೆ ಪಕ್ಕದಲ್ಲಿ ಕೂತು, ಬಾಯಿ ಮುಚ್ಚಿಕೊಂಡು, ಅವರು ಬಳಸುವುದನ್ನು ನೋಡಿ. ಅಮ್ಮ "ಉಳಿಸು" ಎಂಬ ಬಟನ್ನನ್ನು ಹುಡುಕಲೇ ಇಲ್ಲ, ಅಂಕಿ ಬರೆದು ಹಿಂದಕ್ಕೆ ಬಂದುಬಿಟ್ಟರು. ನೋಟ್‌ಬುಕ್ಕಿನಲ್ಲಿ ಬರೆದರೆ ಬರೆದಂತೆಯೇ, ಉಳಿಸುವುದೇನು?

ಹೆಜ್ಜೆ 5: ಟೆಸ್ಟ್

ಒಮ್ಮೆ ಸರಿಮಾಡಿದ ತಪ್ಪು ಮತ್ತೆ ಬರಬಾರದು. 2.5 ಲೀಟರು, 33 ದರ ಕೊಟ್ಟರೆ 8250 ಪೈಸೆ ಬರಬೇಕು ಅಂತ ಒಂದು ಟೆಸ್ಟ್ ಬರೆಯಿರಿ. ಅದಕ್ಕೆಂದೇ ಇರುವ ಪೈಟೆಸ್ಟ್ ಎಂಬ ಪೈಥಾನ್ ಸಾಧನ ಬಳಸಿ. ಸೊನ್ನೆ ಲೀಟರು, ಖಾಲಿ ಬಿಟ್ಟ ದರ, ಮೈನಸ್ ಅಂಕಿ, ಫೆಬ್ರವರಿ 29 ಎಲ್ಲಕ್ಕೂ ಒಂದೊಂದು. ಹೊಸಬರ ಗಿಟ್‌ಹಬ್‌ನಲ್ಲಿ ಟೆಸ್ಟ್ ಕಂಡರೆ ಇಂಟರ್‌ವ್ಯೂ ಮಾಡುವ ನನ್ನಂಥವರು ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದು ಕೂರುತ್ತೇವೆ.

ಚಾಟ್‌ಜಿಪಿಟಿ ಇರುವಾಗ ಇದೆಲ್ಲ ಯಾಕೆ?

ಈ ಪ್ರಶ್ನೆ ಬರದ ದಿನವಿಲ್ಲ. 2022ರ ನವೆಂಬರಿನಲ್ಲಿ ಅದು ಬಂದ ಮೇಲೆ ನಮ್ಮ ಕೆಲಸದ ರೀತಿ ಬದಲಾಗಿರುವುದು ನಿಜ. ನಾನೂ ಇಂಥ ಸಾಧನಗಳನ್ನು ದಿನಾ ಬಳಸುತ್ತೇನೆ. ಹಾಲಿನ ಲೆಕ್ಕ ಬರೆದುಕೊಡು ಅಂದರೆ ಅರ್ಧ ನಿಮಿಷದಲ್ಲಿ ಕೊಡುತ್ತವೆ. ಅದರಲ್ಲಿ ದುಂಡು ಮಾಡುವ ಸಾಲು ಹೇಗಿದೆ ಅಂತ ನೋಡಲು ಗೊತ್ತಿದ್ದವನಿಗೆ ಅದು ಒಳ್ಳೆಯ ಆಳು. ಗೊತ್ತಿಲ್ಲದವನಿಗೆ ಅದೇ ಯಜಮಾನ. ಮೊದಲ ಮೂರು ತಿಂಗಳು ನೀವೇ ಬರೆಯಿರಿ, ಎರರ್ ಅರ್ಥವಾಗದಿದ್ದಾಗ ವಿವರಣೆ ಕೇಳಿ, ಕನ್ನಡದಲ್ಲೇ ಕೇಳಿದರೂ ಹೇಳುತ್ತದೆ. ಅದು ಕೊಟ್ಟ ಕೋಡಿನ ಪ್ರತಿ ಸಾಲನ್ನೂ ಬೇರೆಯವರಿಗೆ ವಿವರಿಸಬಲ್ಲಿರಾದರೆ ಬಳಸಿ, ಇಲ್ಲದಿದ್ದರೆ ಬಿಡಿ. ಬರೀ ಕೋಡು ಟೈಪ್ ಮಾಡುವ ಹೊಸಬರ ಕೆಲಸಗಳು ಮೊದಲಿನಷ್ಟು ಸಲೀಸಾಗಿ ಸಿಗಲಾರವು ಎಂಬುದು ನನ್ನ ಅನಿಸಿಕೆ. ತಪ್ಪು ಹಿಡಿಯುವವರಿಗೆ ಮಾತ್ರ ಬೇಡಿಕೆ ಇದ್ದೇ ಇದೆ.

ಹೆಜ್ಜೆ 6: ಕೆಲಸ ಹುಡುಕುವುದು

ಆರೇಳು ತಿಂಗಳು ದಿನಕ್ಕೆರಡು ಗಂಟೆ ಕೂತಿದ್ದರೆ ಈ ಹಂತಕ್ಕೆ ಬಂದಿರುತ್ತೀರಿ. ಇಂಟರ್‌ವ್ಯೂಗೆ ಡೇಟಾ ಸ್ಟ್ರಕ್ಚರ್, ಅಂದರೆ ಮಾಹಿತಿ ಜೋಡಿಸಿಡುವ ಬಗೆಗಳನ್ನು, ಓದಲೇಬೇಕು: ಅರೇ, ಸ್ಟ್ರಿಂಗ್, ಹ್ಯಾಶ್‌ಮ್ಯಾಪ್, ಸ್ಟ್ಯಾಕ್, ಕ್ಯೂ, ಲಿಂಕ್ಡ್ ಲಿಸ್ಟ್, ಟ್ರೀ. ಲೀಟ್‌ಕೋಡ್ ಅಥವಾ ಹ್ಯಾಕರ್‌ರ‍್ಯಾಂಕಿನಲ್ಲಿ ದಿನಕ್ಕೊಂದು ಸಮಸ್ಯೆ ಸಾಕು. ಕೆಲಸದಲ್ಲಿ ಇದರ ಬಳಕೆ ಕಡಿಮೆಯಾದರೂ ಬಾಗಿಲಲ್ಲಿ ಕೇಳುವುದು ಇದನ್ನೇ. ಆಟದ ನಿಯಮ ಹಾಗಿದೆ.

ರೆಸ್ಯೂಮೆ ಒಂದೇ ಪುಟ ಇರಲಿ. ಗೊತ್ತಿರುವ ಹದಿನೈದು ಭಾಷೆಗಳ ಪಟ್ಟಿ ಬೇಡ. "ತಾಯಿಯವರು ಕೆಲವು ತಿಂಗಳಿಂದ ದಿನಾ ಬಳಸುತ್ತಿರುವ ಹಾಲಿನ ಲೆಕ್ಕದ ವೆಬ್ ಆಪ್" ಅಂತ ಒಂದು ಸಾಲು, ಪಕ್ಕದಲ್ಲಿ ಕೊಂಡಿ ಹಾಕಿ. ಎಲ್ಲರ ರೆಸ್ಯೂಮೆಯಲ್ಲೂ ಇರುವ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್‌ಗಿಂತ ಇದಕ್ಕೆ ತೂಕ ಹೆಚ್ಚು, ಯಾಕೆಂದರೆ ಇದರ ಬಗ್ಗೆ ಏನು ಕೇಳಿದರೂ ನಿಮಗೆ ಹೇಳಲು ಕತೆಯಿದೆ.

ಕ್ಯಾಂಪಸ್ಸಿನಲ್ಲಿ ಸಿಗದವರಿಗೆ ಬೇರೆ ಬಾಗಿಲುಗಳಿವೆ. ಡಿಗ್ರಿ, ಡಿಪ್ಲೊಮಾ ಮುಗಿಸಿದವರಿಗೆ ಸರ್ಕಾರದ ಅಪ್ರೆಂಟಿಸ್‌ಶಿಪ್ ಯೋಜನೆಯಲ್ಲಿ ಸ್ಟೈಪೆಂಡ್ ಜತೆ ಒಂದು ವರ್ಷದ ತರಬೇತಿ ಸಿಗುತ್ತದೆ. ಯಾರು ಬೇಕಾದರೂ ಕೋಡು ನೋಡಿ ತಿದ್ದಬಹುದಾದ ಓಪನ್ ಸೋರ್ಸ್ ಸಾಫ್ಟ್‌ವೇರುಗಳಿಗೆ ಕನ್ನಡ ಅನುವಾದ ಮಾಡುವುದು ಒಳಗೆ ಕಾಲಿಡಲು ಸುಲಭ ದಾರಿ. ಫೈರ್‌ಫಾಕ್ಸಿಗೂ ಇಂಥ ಕೈಗಳು ಬೇಕು. ಬೆಂಗಳೂರಿನಲ್ಲಿದ್ದರೆ ಪೈಥಾನ್ ಬಳಸುವವರ ಬ್ಯಾಂಗ್‌ಪೈಪರ್ಸ್‌ನಂಥ ಗುಂಪುಗಳ ಭೇಟಿಗೆ ಹೋಗಿ ಹಿಂದಿನ ಸಾಲಿನಲ್ಲಾದರೂ ಕೂತು ಬನ್ನಿ. ಅರ್ಜಿ ಹಾಕುವ ಪೋರ್ಟಲ್‌ಗಳಿಗಿಂತ ಪರಿಚಯದವರ ರೆಫರಲ್ ಬೇಗ ಕೆಲಸ ಮಾಡುತ್ತದೆ.

ಸರ್ವಿಸ್ ಕಂಪನಿಯೋ ಪ್ರಾಡಕ್ಟ್ ಕಂಪನಿಯೋ? ಮೊದಲನೆಯದು ಬೇರೆಯವರಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತದೆ, ಹೊಸಬರನ್ನು ಗುಂಪುಗುಂಪಾಗಿ ತಗೊಂಡು ತರಬೇತಿ ಕೊಡುತ್ತದೆ, ಪ್ರಾಜೆಕ್ಟ್ ಇಲ್ಲದಾಗ ಬೆಂಚಿನ ಮೇಲೆ ಕೂರಿಸುತ್ತದೆ. ಎರಡನೆಯದು ತನ್ನದೇ ಸಾಫ್ಟ್‌ವೇರ್ ಮಾರುತ್ತದೆ, ಕಡಿಮೆ ಜನ, ಸಾಮಾನ್ಯವಾಗಿ ಹೆಚ್ಚು ಸಂಬಳ, ಕಠಿಣ ಇಂಟರ್‌ವ್ಯೂ. ಮೊದಲ ಕೆಲಸಕ್ಕೆ ಸಿಕ್ಕಿದ್ದನ್ನು ಹಿಡಿಯಿರಿ. ಆದರೆ ಸಹಿ ಹಾಕುವ ಮೊದಲು ಇಂತಿಷ್ಟು ಕಾಲ ಕೆಲಸ ಬಿಡಬಾರದೆಂಬ ಬಾಂಡ್ ಇದೆಯೇ, ನೋಟಿಸ್ ಪಿರಿಯಡ್ 60 ದಿನವೋ 90 ದಿನವೋ ಅಂತ ಓದಿ.

ಇನ್ನು ಮೋಸದ ಮಾತು. ಕೆಲಸಕ್ಕೆಂದು ದುಡ್ಡು ಕೇಳಿದವರಿಗೆ ಒಂದು ರೂಪಾಯಿ ಕೊಡಬೇಡಿ, ಅದನ್ನು ರಿಜಿಸ್ಟ್ರೇಷನ್ ಅನ್ನಲಿ, ಲ್ಯಾಪ್‌ಟಾಪ್ ಡೆಪಾಸಿಟ್ ಅನ್ನಲಿ. ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅನ್ನುವ ಇನ್‌ಸ್ಟಿಟ್ಯೂಟಿನವರನ್ನು ಹೋದ ಬ್ಯಾಚಿನ ಐದು ಜನರ ಜತೆ ಮಾತಾಡಿಸಿ ಅಂತ ಕೇಳಿ. ಇಲ್ಲದ ಅನುಭವದ ಸರ್ಟಿಫಿಕೇಟ್ ಮಾಡಿಕೊಡುತ್ತೇವೆ ಅಂದರೆ ಎದ್ದು ಬನ್ನಿ. ಕಂಪನಿಗಳು ಬ್ಯಾಕ್‌ಗ್ರೌಂಡ್ ಪರಿಶೀಲನೆಯಲ್ಲಿ ಪಿಎಫ್ ದಾಖಲೆಯನ್ನೂ ನೋಡುತ್ತವೆ. ನನ್ನ ಹಳೇ ರೂಂಮೇಟ್ ಒಬ್ಬ ಹೀಗೆ ಸೇರಿ, ಮೂರನೇ ತಿಂಗಳು ಮಧ್ಯಾಹ್ನ ಊಟಕ್ಕೆ ಹೋದವನ ಐಡಿ ಕಾರ್ಡು ವಾಪಸ್ ಬರುವಾಗ ಬಾಗಿಲು ತೆಗೆಯಲಿಲ್ಲ.

ಸೇರಿದ ಮೇಲೆ

ಮೊದಲ ವಾರ ಯಂತ್ರ ಸಿದ್ಧಪಡಿಸುವುದರಲ್ಲೇ ಹೋಗುತ್ತದೆ. ಒಂದು ಪರ್ಮಿಷನ್ ಇಲ್ಲ, ಇನ್ನೊಂದು ವರ್ಷನ್ ಹೊಂದುವುದಿಲ್ಲ. ಎಲ್ಲರಿಗೂ ಹಾಗೆಯೇ. ಸಿಕ್ಕಿಕೊಂಡರೆ ಅರ್ಧ ಗಂಟೆ ನೀವೇ ಒದ್ದಾಡಿ, ಆಮೇಲೆ ಕೇಳಿ. ಕೇಳುವಾಗ ಏನು ಮಾಡಲು ಹೊರಟಿದ್ದಿರಿ, ಏನಾಯಿತು, ಏನೇನು ನೋಡಿದಿರಿ ಅಂತ ಮೂರು ಸಾಲು ಬರೆದುಕೊಂಡು ಹೋಗಿ. ಬರೆಯುವಾಗಲೇ ಅರ್ಧದಷ್ಟು ಸಲ ಉತ್ತರ ಹೊಳೆಯುತ್ತದೆ. ಶುಕ್ರವಾರ ಸಂಜೆ ಪ್ರೊಡಕ್ಷನ್ನಿಗೆ, ಅಂದರೆ ಗ್ರಾಹಕರು ಬಳಸುತ್ತಿರುವ ಸಾಫ್ಟ್‌ವೇರಿಗೆ, ಏನನ್ನೂ ಕಳಿಸಬೇಡಿ.

ಬಹಳ ದೊಡ್ಡ ಕೆಲಸ ಕೊಡುತ್ತಾರೆ ಅಂತಲೂ ಕಾಯಬೇಡಿ. ನನಗೆ ಸಿಕ್ಕ ಮೊದಲ ಟಿಕೆಟ್ಟು ಒಂದು ಬಟನ್ನಿನ ಮೇಲಿದ್ದ ಕಾಗುಣಿತ ತಪ್ಪು. ಬದಲಿಸಿದ್ದು ಒಂದೇ ಅಕ್ಷರ. ಕೋಡ್ ಎಲ್ಲಿದೆ ಅಂತ ಹುಡುಕಲು ಒಂದು ದಿನ, ರಿವ್ಯೂಗೆ ಎರಡು ದಿನ ಹಿಡಿಯಿತು. ಟೆಸ್ಟರ್ ರಜೆಯಲ್ಲಿದ್ದರು. ಎಲ್ಲ ಮುಗಿದು ಆ ಅಕ್ಷರ ಗ್ರಾಹಕರ ಪರದೆ ಮುಟ್ಟಿದ್ದು ಒಂಬತ್ತನೇ ದಿನ. ಅವತ್ತು ರಾತ್ರಿ ಮನೆಗೆ ಫೋನ್ ಮಾಡಿ ಹೇಳಿದೆ. ಅಮ್ಮ ಕೇಳಿಸಿಕೊಂಡು, "ಅದಿರಲಿ, ಹಿಂಡಿ ಬೂಸದ ಖರ್ಚು ಬರೆಯೋಕೆ ಇದರಲ್ಲಿ ಜಾಗಾನೇ ಇಲ್ವಲ್ಲೋ" ಅಂದರು.